ಅಕ್ಷತೆ ಬೀಳುವ ಮೊದಲು

ನಾನು ಏನು ಕೆಲಸ ಮಾಡುತ್ತೇನೆಂದು ಬಾಯಿಬಿಟ್ಟರೆ ಸಾಕು, ಎದುರಿಗಿದ್ದವರು ಜೇಬಿಗೆ ಕೈ ಹಾಕಿ ಪೆನ್‌ಡ್ರೈವ್ ತೆಗೆಯುತ್ತಾರೆ. ಮದುವೆಮನೆಯಲ್ಲಿ ಡಾಕ್ಟರನ್ನು ಹಿಡಿದು ಮಂಡಿನೋವು ಹೇಳಿಕೊಳ್ಳುವವರು ಇರುತ್ತಾರಲ್ಲ, ಹಾಗೆ ನನಗೆ ಮುಂಬೈಯ ಲೋಕಲ್ ಟ್ರೇನಿನ ಲೇಡೀಸ್ ಡಬ್ಬದಲ್ಲೂ "ನಮ್ಮ ಟಿವಿಯಲ್ಲಿ ಚಿತ್ರ ಬರುತ್ತೆ, ಸೌಂಡ್ ಬರಲ್ಲ" ಎನ್ನುವವರು ಗಂಟು ಬೀಳುತ್ತಾರೆ. ಘಣಸೋಲಿಯ ಒಂದು ಆಫೀಸಿನಲ್ಲಿ ವಿಡಿಯೋ ಫೈಲುಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವುದು, ದೊಡ್ಡದನ್ನು ಚಿಕ್ಕದು ಮಾಡುವುದು ನನ್ನ ಕೆಲಸ. ಮೈಸೂರಿನಲ್ಲಿರುವ ನಮ್ಮ ಅತ್ತೆ ಇದನ್ನು ನೆಂಟರಿಗೆ "ಸೊಸೆ ಕಂಪ್ಯೂಟರಲ್ಲಿ ಬಟ್ಟೆ ಮಡಿಸೋ ಥರ ಏನೋ ಮಾಡ್ತಾಳೆ" ಎಂದು ವಿವರಿಸುತ್ತಾರೆ. ಇದಕ್ಕಿಂತ ಚೆನ್ನಾಗಿ ಹೇಳಲು ನಮ್ಮ ಮ್ಯಾನೇಜರಿಗೂ ಬರುವುದಿಲ್ಲ.

ಬಂದ ಪೆನ್‌ಡ್ರೈವುಗಳೆಲ್ಲ ಒಂದು ತೂಕ, ಠಾಣೆಯ ಹೋಟೆಲ್ ಅಣ್ಣನ ಪೆನ್‌ಡ್ರೈವ್ ಒಂದು ತೂಕ. ಅದು ನನ್ನನ್ನು ಒಂದಿಡೀ ಬೇಸಿಗೆ ಆಡಿಸಿತು.

೧. ಡಬ್ಬದ ಮೇಲಿನ ಚೀಟಿ

ನಾನಿರುವುದು ಡೊಂಬಿವಲಿಯಲ್ಲಿ. ದಿನಾ ಠಾಣೆಯಲ್ಲಿ ಟ್ರೇನ್ ಬದಲಿಸಿ ಘಣಸೋಲಿಗೆ ಹೋಗಬೇಕು. ನಡುವೆ ಸ್ಟೇಷನ್ನಿನ ಹೊರಗೊಂದು ಉಡುಪಿ ಹೋಟೆಲಿದೆ. ಅಲ್ಲಿಯ ಫಿಲ್ಟರ್ ಕಾಫಿ ಕುಡಿಯದೆ ಹೋದರೆ ನನ್ನ ಆಫೀಸಿನವರಿಗೇ ಕಷ್ಟ. ಆ ಹೋಟೆಲಿನ ಮಾಲೀಕರು ಕಾರ್ಕಳದ ಕಡೆಯವರು. ನಾವೆಲ್ಲ ಅವರನ್ನು ಅಣ್ಣ ಅನ್ನುತ್ತೇವೆ. ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾದಲ್ಲಿ ಕೂತಿರುತ್ತಾರೆ, ನಗುವುದು ಅಪರೂಪ. ಹೊಸ ಗಿರಾಕಿಗಳು ಅವರ ಮುಖ ನೋಡಿ ತಾವೇ ಏನೋ ತಪ್ಪು ಮಾಡಿದೆವೆಂದುಕೊಂಡು ತಟ್ಟೆ ಪೂರ್ತಿ ಖಾಲಿ ಮಾಡಿ ಏಳುತ್ತಾರೆ.

ಒಂದು ದಿನ ಅಣ್ಣ ಚಿಲ್ಲರೆಯ ಜೊತೆಗೆ ಒಂದು ಪೆನ್‌ಡ್ರೈವನ್ನೂ ನನ್ನ ಕೈಗಿಟ್ಟರು. ಅವರ ಮದುವೆಯಾಗಿ ಮೂವತ್ತು ವರ್ಷ ತುಂಬುತ್ತದಂತೆ, ನವಿ ಮುಂಬೈಯ ಒಂದು ಹಾಲಿನಲ್ಲಿ ಮಗಳು ದೊಡ್ಡ ಫಂಕ್ಷನ್ ಇಟ್ಟಿದ್ದಾಳಂತೆ, ಅಲ್ಲಿ ಮದುವೆಯ ವಿಡಿಯೋ ಹಾಕಬೇಕೆಂದು ಹೆಂಡತಿ ಹಟ ಹಿಡಿದಿದ್ದಾರಂತೆ. ಆದರೆ ಫೈಲು ಮನೆಯ ಟಿವಿಯಲ್ಲಿ ಓಡುವುದಿಲ್ಲ. ಅಣ್ಣ ತಾವೇ ರಿಪೇರಿಗೂ ಕೈಹಾಕಿದ್ದರು. ಫೈಲಿನ ಹೆಸರಿನ ಕೊನೆಗಿದ್ದ ಅಕ್ಷರಗಳನ್ನು ಅಳಿಸಿ ಎಂಪಿ4 ಎಂದು ಬರೆದಿದ್ದರು. ಟಿವಿ ಆಗಲೂ ಒಪ್ಪಲಿಲ್ಲ.

ನಾನು ಕಾಫಿ ಆರುವಷ್ಟು ಹೊತ್ತು ಪಾಠ ಮಾಡಿದೆ. ಹೆಸರು ಎಂದರೆ ಡಬ್ಬದ ಮೇಲೆ ಅಂಟಿಸಿದ ಚೀಟಿ. ಒಳಗೆ ಚಿತ್ರವನ್ನು ಹೇಗೆ ಒತ್ತಿ ಮಡಿಸಿಟ್ಟಿದ್ದಾರೆ ಅನ್ನುವುದು ಬೇರೆ ಸಂಗತಿ, ಅದಕ್ಕೆ ಕೋಡೆಕ್ ಅನ್ನುತ್ತಾರೆ. ಆ ಮಡಿಕೆ ಬಿಡಿಸುವುದು ಟಿವಿಗೆ ಗೊತ್ತಿದ್ದರೆ ಮಾತ್ರ ಚಿತ್ರ ಕಾಣುತ್ತದೆ. ಅಣ್ಣ ತಲೆಯಾಡಿಸಿದರು. ಆದಷ್ಟು ಚಿಕ್ಕ ಫೈಲು ಮಾಡಿಕೊಡಿ, ಕ್ವಾಲಿಟಿ ಹೋದರೂ ಅಡ್ಡಿಯಿಲ್ಲ ಎಂದರು. ಮದುವೆಯ ವಿಡಿಯೋದ ವಿಷಯದಲ್ಲಿ ಹೀಗೆ ಹೇಳಿದವರನ್ನು ನಾನು ಅದುವರೆಗೆ ನೋಡಿರಲಿಲ್ಲ. ಜಾಗ ಉಳಿಸುವ ಬುದ್ಧಿ ಇರಬೇಕೆಂದುಕೊಂಡೆ.

ಏಳುವಾಗ ಪಾಠ ತಲೆಗೆ ಹೋಯಿತೋ ಇಲ್ಲವೋ ನೋಡೋಣವೆಂದು ಕೇಳಿದೆ: "ಈಗ ಹೇಳಿ ಅಣ್ಣ, ಡಬ್ಬದ ಚೀಟಿ ಬದಲಾಯಿಸಿದ್ರೆ ಒಳಗಿರೋ ಸಾಂಬಾರು ಸಾರಾಗುತ್ತಾ?"

ಅಣ್ಣ ಗಂಭೀರವಾಗಿ ಹೇಳಿದರು: "ಚೀಟಿ ಮಾತ್ರ ಬದಲಿಸಿದ್ರೆ ಆಗುದಿಲ್ಲ ಮೇಡಂ. ಸ್ವಲ್ಪ ಬಿಸಿನೀರು ಸಹ ಹಾಕ್ಲಿಕ್ಕೆ ಉಂಟು."

೨. ಒಂದು ಚೌಕ ಇನ್ನೊಂದು ಚೌಕವನ್ನು ಒರೆಸಿದ್ದು

ಫೈಲು ಸರಿಮಾಡಿದ ಸುದ್ದಿ ತಿಳಿದ ಕೂಡಲೇ ಅಣ್ಣನ ಹೆಂಡತಿ ಭಾನುವಾರ ಗಂಡನನ್ನು ಎಳೆದುಕೊಂಡು ಡೊಂಬಿವಲಿಗೇ ಬಂದರು. ಅಕ್ಕ ಮಾತಿನ ಮಲ್ಲಿ. ಚಪ್ಪಲಿ ಬಿಡುವಷ್ಟರಲ್ಲಿ ಅರ್ಧ ಕಥೆ, ನೀರು ಕುಡಿಯುವಷ್ಟರಲ್ಲಿ ಇನ್ನರ್ಧ ಹೇಳಿ ಮುಗಿಸಿದರು.

ಕಥೆ ಇಷ್ಟು. ಧಾರೆಯ ಹೊತ್ತಿಗೆ ಮದುಮಗಳಾಗಿ ತಲೆ ತಗ್ಗಿಸಿ ನಿಂತಿದ್ದ ಅಕ್ಕ ಓರೆಗಣ್ಣಿನಲ್ಲಿ ಮದುಮಗನನ್ನು ನೋಡಿದ್ದಾರೆ. ಮದುಮಗ ಅಳುತ್ತಿದ್ದ. ಅಣ್ಣ ಇದನ್ನು ಮೂವತ್ತು ವರ್ಷದಿಂದ ಒಪ್ಪಿಲ್ಲ. ಯಾರೋ ಎಸೆದ ಅಕ್ಷತೆ ಕಣ್ಣಿಗೆ ಬಿತ್ತು, ಅದಕ್ಕೆ ಒರೆಸಿಕೊಂಡೆ ಅನ್ನುತ್ತಾರೆ. ಹೋಟೆಲಿನವರು, ನೆಂಟರು, ಕೊನೆಗೆ ಸ್ವಂತ ಮಗಳು ಕೂಡ ಅಣ್ಣನನ್ನು ಕಲ್ಲು ಎಂದೇ ನಂಬಿದ್ದಾರೆ. ಅಕ್ಕ ಏನು ಹೇಳಿದರೂ ಮಗಳು "ಮಮ್ಮಿ, ಪಪ್ಪಾ ಔರ್ ರೋನಾ? ಚಾನ್ಸೇ ನಹೀ" ಎಂದು ತನ್ನ ಎಂದಿನ ಹಿಂದಿಯಲ್ಲಿ ಹೇಳಿ, ಪಪ್ಪಾ ಅಳುವ ಮಾತೇ ಇಲ್ಲವೆಂದು ನಗುತ್ತಾಳೆ.

"ಧಾರೆಯ ನೀರು ಬೀಳುವ ಮೊದಲೇ ನನ್ನ ಕೈ ಒದ್ದೆಯಾಗಿತ್ತು," ಎಂದರು ಅಕ್ಕ. "ಇವರಿಗೆ ನನ್ನ ಮೇಲೆ ಪ್ರೀತಿ ಉಂಟಾ ಇಲ್ವಾ ಅಂತ ನಾನು ಕೇಳ್ತಾ ಇಲ್ಲ. ಉಂಟು ಅಂತ ನನಗೆ ಗೊತ್ತುಂಟು. ಒಂದು ಸಲ ನಾಲ್ಕು ಜನರ ಎದುರು ಗೊತ್ತಾಗ್ಲಿ, ಅಷ್ಟೇ."

ಅಣ್ಣ ನಮ್ಮ ಫ್ಯಾನನ್ನು ಹೊಸದಾಗಿ ಕಂಡವರಂತೆ ಮೇಲೆ ನೋಡುತ್ತ ಅದು ಬೆವರು ಎಂದರು. ಮೇ ತಿಂಗಳು, ಕಾರ್ಕಳದ ಸೆಕೆ.

ವಿಡಿಯೋ ಹಾಕಿದೆ. ಧಾರೆಯವರೆಗೆ ಪರವಾಗಿಲ್ಲ ಅನ್ನುವ ಹಾಗಿತ್ತು. ಮದುಮಕ್ಕಳ ಕೈ ಸೇರಿಸುತ್ತಲೇ ಫೋಟೋದವರ ಫ್ಲಾಶುಗಳು ಮಿಂಚತೊಡಗಿದವು, ಚಿತ್ರವೆಲ್ಲ ಚೌಕ ಚೌಕವಾಯಿತು, ಅಕ್ಷತೆ ಯಾವಾಗ ಬಿತ್ತೆಂದೇ ತಿಳಿಯದಾಯಿತು. ಕಂದು ಬಣ್ಣದ ಒಂದು ಚೌಕ ಮೇಲಕ್ಕೇರಿ ಇನ್ನೊಂದು ಚೌಕವನ್ನು ಒರೆಸಿ ಕೆಳಗಿಳಿಯಿತು. "ನೋಡಿ, ಕಣ್ಣು ಒರೆಸಿದ್ದು," ಎಂದರು ಅಕ್ಕ. ಅದು ತನ್ನ ಕೈಯಲ್ಲ, ಫೋಟೋದವನ ಕೈ ಎಂದರು ಅಣ್ಣ.

ಹೀಗೇಕೆ ಆಗುತ್ತದೆಂದು ಹೇಳಬೇಕಾಯಿತು. ಕ್ಯಾಸೆಟ್ಟಿನಲ್ಲಿದ್ದ ಮದುವೆಯನ್ನು ಯಾರೋ ಎಂದೋ ಸೀಡಿಗೆ ಹಾಕಿಸಿದ್ದರು, ಸೀಡಿಯಿಂದ ಇನ್ಯಾರೋ ಮತ್ತೂ ಚಿಕ್ಕದು ಮಾಡಿ ಪೆನ್‌ಡ್ರೈವಿಗೆ ತುಂಬಿದ್ದರು. ಚಿಕ್ಕದು ಮಾಡುವ ಗುಟ್ಟೇನೆಂದರೆ, ಕೋಡೆಕ್ ಪ್ರತಿ ಚಿತ್ರವನ್ನೂ ಪೂರ್ತಿ ಬರೆದಿಡುವುದಿಲ್ಲ. ಹಿಂದಿನದರಿಂದ ಏನು ಬದಲಾಯಿತೋ ಅಷ್ಟನ್ನೇ ಬರೆದುಕೊಳ್ಳುತ್ತದೆ. ಮಂಟಪ ಅಲ್ಲಾಡುವುದಿಲ್ಲ, ಒಂದು ಸಲ ಬರೆದರೆ ಆಯಿತು. ಫ್ಲಾಶ್ ಮಿಂಚಿದಾಗ, ಅಕ್ಷತೆ ಬಿದ್ದಾಗ ಎಲ್ಲವೂ ಒಟ್ಟಿಗೆ ಬದಲಾಗುತ್ತದೆ. ಕೊಟ್ಟ ಜಾಗ ಸಾಲದೆ ಅದು ದೊಡ್ಡ ದೊಡ್ಡ ಚೌಕ ಎಳೆದು ಕೈತೊಳೆದುಕೊಳ್ಳುತ್ತದೆ.

ಅಣ್ಣನಿಗೆ ಇದು ನನಗಿಂತ ಚೆನ್ನಾಗಿ ಅರ್ಥವಾಯಿತು. ಟೇಬಲಿನಲ್ಲಿ ಎಲ್ಲರೂ "ಅದೇ ರಿಪೀಟ್" ಅಂದರೆ ಸಪ್ಲಾಯರ್ ಒಂದು ಮಾತು ನೆನಪಿಟ್ಟುಕೊಂಡರೆ ಸಾಕು. ಎಲ್ಲರೂ ಒಟ್ಟಿಗೆ ಬೇರೆ ಬೇರೆ ಆರ್ಡರ್ ಕೊಟ್ಟರೆ ಅವನು ತಲೆಕೆಟ್ಟು ಎಲ್ಲರಿಗೂ ಉಪ್ಪಿಟ್ಟು ತಂದಿಡುತ್ತಾನೆ. ಇದೂ ಹಾಗೆಯೇ ಅಲ್ಲವೇ ಎಂದು ಕೇಳಿದರು. ನಾನು ಹೌದೆಂದೆ. ಅವರು ಹೆಂಡತಿಯ ಕಡೆ ತಿರುಗಿ ಸಮಾಧಾನದಿಂದ ಹೇಳಿದರು: "ಕೇಳಿದಿಯಾ? ಇನ್ನು ಉಪ್ಪಿಟ್ಟಿನಲ್ಲಿ ಕಣ್ಣೀರು ಹುಡುಕ್ಬೇಡ."

೩. ಕಲ್ಯಾಣದ 4ಕೆ

ಅಕ್ಕ ಸುಲಭಕ್ಕೆ ಬಿಡುವವರಲ್ಲ. ಯಾರ ಹತ್ತಿರವಾದರೂ ಒಳ್ಳೆಯ ಕಾಪಿ ಇದ್ದರೆ ಕಳಿಸಿ ಎಂದು ಮೊಬೈಲಿನ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದರು. ನೆಂಟರಿಗೆ ಕೆಲಸ ಸಿಕ್ಕಿತು. ಒಬ್ಬರು ಕಳಿಸಿದ್ದನ್ನೇ ಇನ್ನೊಬ್ಬರು ತಮ್ಮದೆಂಬಂತೆ ಕಳಿಸಿದರು. ಗ್ರೂಪಿನಲ್ಲಿ ಕಳಿಸಿದಾಗಲೆಲ್ಲ ಮೊಬೈಲು ಫೈಲನ್ನು ಇನ್ನಷ್ಟು ಹಿಂಡುತ್ತದೆ ಎಂದು ನಾನು ಹೇಳುವಷ್ಟರಲ್ಲಿ ಅದು ಮಂಗಳೂರಿಗೆ ಹೋಗಿ, ದುಬೈ ಸುತ್ತಿ ಅಕ್ಕನ ಫೋನಿಗೇ ವಾಪಸು ಬಂದಿತ್ತು. ಈಗ ಮದುಮಗ ಯಾರು, ಕಂಬ ಯಾವುದು ಎಂದು ಹೇಳುವುದೇ ಕಷ್ಟವಿತ್ತು. ದುಬೈಯವರು ಅದರ ಕೆಳಗೆ "ಸೂಪರ್ ಕ್ಲಿಯರ್" ಎಂದು ಬೇರೆ ಬರೆದಿದ್ದರು.

ಅಷ್ಟರಲ್ಲಿ ಕಲ್ಯಾಣದಲ್ಲಿರುವ ಅಣ್ಣನ ತಮ್ಮ, ಬ್ಯಾಂಕಿನಲ್ಲಿ ಆಫೀಸರ್, ತನ್ನ ಬಳಿ 4ಕೆ ಕಾಪಿ ಇದೆ ಎಂದು ಫೋನ್ ಮಾಡಿದರು. ಆ ಕಾಲದ ಮದುವೆಗೆ 4ಕೆ ಎಲ್ಲಿಂದ ಬಂತೆಂದು ನನಗೆ ಅನುಮಾನ. ಅಣ್ಣನ ಮುಖ ಮಾತ್ರ ಅಂದು ಸಣ್ಣಗಾಯಿತು, ನನ್ನ ಕಾಫಿಗೆ ಸಕ್ಕರೆ ಹಾಕಿಸುವುದನ್ನೂ ಮರೆತರು.

ತಮ್ಮ ತಂದದ್ದು ಒಂದು ಹಾರ್ಡ್‌ಡಿಸ್ಕ್. ಅದೇ ಹಾಳು ಫೈಲನ್ನು ಒಂದು ಸಾಫ್ಟ್‌ವೇರಿಗೆ ಹಾಕಿ, ಅದರಲ್ಲಿದ್ದ ಎಲ್ಲ ಆಯ್ಕೆಗಳಲ್ಲಿ ಅತಿ ದೊಡ್ಡದನ್ನೇ ಒತ್ತಿ, ಮೂರು ದಿನ ಕಂಪ್ಯೂಟರ್ ಉರಿಸಿ ತಯಾರಿಸಿದ್ದು. ಡಿಸ್ಕಿನಲ್ಲಿ ಬೇರೇನಕ್ಕೂ ಜಾಗ ಉಳಿದಿರಲಿಲ್ಲ. ಫೈಲು ದೊಡ್ಡದಾದಷ್ಟೂ ಚಿತ್ರ ಚೆನ್ನಾಗಿರಬೇಕಲ್ಲ ಎಂದು ಅವರ ವಾದ. ಒಮ್ಮೆ ಬಿಸಾಡಿದ ವಿವರ ಮತ್ತೆ ಹುಟ್ಟುವುದಿಲ್ಲ ಎಂದು ಹೇಳುವುದಕ್ಕಿಂತ ತೋರಿಸುವುದೇ ಮೇಲೆಂದು ಹಾಕಿದೆ. ಅವರ ಶ್ರಮ ಪೂರ್ತಿ ವ್ಯರ್ಥವಾಗಿರಲಿಲ್ಲ. ಮೊದಲು ಮಸುಕಾಗಿದ್ದ ಚೌಕಗಳು ಈಗ ಬಹಳ ಸ್ಪಷ್ಟವಾಗಿ ಕಾಣುತ್ತಿದ್ದವು.

೪. ಕಬ್ಬಿಣದ ಕಪಾಟು

ಇನ್ನು ಮೂಲ ಕ್ಯಾಸೆಟ್ಟೇ ಬೇಕು ಎಂದೆ. ಕ್ಯಾಸೆಟ್ಟಿನಲ್ಲಿ ಗೆರೆ ಬರಬಹುದು, ಬಣ್ಣ ಮಾಸಿರಬಹುದು, ಆದರೆ ಈ ಚೌಕದ ಕಾಟ ಅಲ್ಲಿಲ್ಲ. ಅದು ಎಂದೋ ಕಳೆದುಹೋಯಿತು ಎಂದರು ಅಣ್ಣ. ಎಲ್ಲಿ ಎಂದು ಅಕ್ಕ ಕೇಳಿದಾಗ ಮನೆ ಬದಲಿಸುವಾಗ ಎಂದರು. ಯಾವ ಮನೆ ಎಂದು ಕೇಳಿದಾಗ ಹೋಟೆಲಿನಲ್ಲಿ ರಶ್ ಇದೆ ಎಂದು ಎದ್ದು ಹೋದರು.

ಅಕ್ಕನಿಗೆ ಗಂಡನ ರಶ್ ಯಾವುದು ನಿಜ, ಯಾವುದು ಸುಳ್ಳು ಎಂದು ಗೊತ್ತಾಗುತ್ತದೆ. ಹಿಂದೆ ಮನೆ ಬದಲಿಸುವಾಗ ಸಾಮಾನು ಇಟ್ಟುಕೊಂಡಿದ್ದ, ಕಳಂಬೋಲಿಯಲ್ಲಿ ಕಬ್ಬಿಣದ ವ್ಯಾಪಾರ ಮಾಡುವ ತಮ್ಮ ಸ್ವಂತ ತಮ್ಮನಿಗೆ ಅಲ್ಲಿಯೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಆ ತಮ್ಮ ಸುಳ್ಳು ಹೇಳಲು ಬಾರದ ಪಾಪದ ಮನುಷ್ಯ.

"ಕ್ಯಾಸೆಟ್ ನನ್ನ ಕಪಾಟಿನಲ್ಲೇ ಉಂಟು ಅಕ್ಕ," ಎಂದರು ಅವರು. "ಆದ್ರೆ ನೀನು ಕೇಳಿದ್ರೆ ಸಿಗ್ತಾ ಇಲ್ಲ ಅಂತ ಹೇಳ್ಲಿಕ್ಕೆ ಭಾವ ಹೇಳಿದ್ದಾರೆ. ಹಾಗಾಗಿ ಸಿಗ್ತಾ ಇಲ್ಲ. ಯಾವಾಗ ಬರ್ತಿ ತಕೊಂಡು ಹೋಗ್ಲಿಕ್ಕೆ?"

ಆಗ ನನಗೆ ಅಣ್ಣನ "ಆದಷ್ಟು ಚಿಕ್ಕದು ಮಾಡಿ"ಯ ಅರ್ಥವಾಯಿತು. ಮರುದಿನ ಕಾಫಿಗೆ ಹೋದಾಗ ಗಲ್ಲಾದಿಂದ ಮುಂದಕ್ಕೆ ಬಾಗಿ ಅವರು ಮೆಲ್ಲಗೆ ಕೇಳಿದ್ದು ಒಂದೇ ಪ್ರಶ್ನೆ: "ಮೇಡಂ, ಕಬ್ಬಿಣದ ಮಾರ್ಕೆಟಲ್ಲಿ ದೊಡ್ಡ ದೊಡ್ಡ ಮ್ಯಾಗ್ನೆಟ್ ಇರ್ತದಲ್ಲ. ಅದರಿಂದ ಕ್ಯಾಸೆಟ್ ಅಳಿಸಿಹೋಗುವ ಚಾನ್ಸ್ ಎಷ್ಟುಂಟು?"

೫. ತಟ್ಟೆ ನನ್ನ ಕೈಯಲ್ಲಿತ್ತು

ಚಾನ್ಸ್ ಇರಲಿಲ್ಲ. ಕ್ಯಾಸೆಟ್ ಚೆನ್ನಾಗಿತ್ತು. ಆಫೀಸಿನ ಹಳೆಯ ಪ್ಲೇಯರಿನಲ್ಲಿ ಅನುಮತಿ ಕೇಳಿ ಓಡಿಸಿ, ಮೊದಲು ಏನೂ ಹಿಂಡದೆ ದೊಡ್ಡ ಫೈಲಾಗಿ ಇಳಿಸಿಕೊಂಡೆ. ಅದು ಮನೆಯ ಭದ್ರ ಪ್ರತಿ. ಅದರಿಂದ ಹಾಲಿಗಾಗಿ ಎರಡು ಪ್ರತಿ ತೆಗೆದೆ, ಒಂದು ಹೊಸ ಕೋಡೆಕ್ಕಿನದು, ಒಂದು ಹಳೆಯದು. ಹೊಸದರಲ್ಲಿ ಫೈಲು ಚಿಕ್ಕದಾಗುತ್ತದೆ, ಆದರೆ ಅದರ ಮಡಿಕೆ ಬಿಡಿಸಲು ಎಲ್ಲ ಮೆಷಿನ್ನುಗಳಿಗೂ ಬರುವುದಿಲ್ಲ. ಹಳೆಯದು ಯಾವ ಹಾಲಿನಲ್ಲಾದರೂ ಓಡುತ್ತದೆ. ಧಾರೆಯ ಭಾಗವನ್ನು ನಾನು ಬೇಕೆಂದೇ ನೋಡಲಿಲ್ಲ. ಅಕ್ಕನೇ ಮೊದಲು ನೋಡಲಿ ಎಂದು ನನಗೆ ಅನಿಸಿತ್ತು.

ಫಂಕ್ಷನ್ ದಿನ ಹಾಲ್ ತುಂಬಿತ್ತು. ಅಣ್ಣ ರೇಷ್ಮೆ ಪಂಚೆ, ಶಲ್ಯ ಹಾಕಿಕೊಂಡು ಗಲ್ಲಾ ಇಲ್ಲದೆ ಎಲ್ಲಿ ಕೂರಬೇಕೆಂದು ತಿಳಿಯದೆ ಓಡಾಡುತ್ತಿದ್ದರು. ಹಿರಿಯರು ಮದುಮಕ್ಕಳಿಗೆ ಮತ್ತೆ ಅಕ್ಷತೆ ಹಾಕಬೇಕೆಂದು ಮಗಳು ಏರ್ಪಾಡು ಮಾಡಿ, ಅಕ್ಷತೆಯ ತಟ್ಟೆಯನ್ನು ನನ್ನ ಕೈಗೆ ಕೊಟ್ಟು "ಆಂಟಿ, ಜಬ್ ಬೋಲೂಂ ತಬ್ ಬಾಂಟನಾ" ಎಂದು, ತಾನು ಹೇಳಿದಾಗಲೇ ಹಂಚಬೇಕೆಂದಳು.

ಪರದೆಯ ಕೆಲಸದ ಹುಡುಗ ಹೊಸ ಫೈಲು ಹಾಕಿದ. ಪರದೆ ಕಪ್ಪಗಾಯಿತು. ಅವನ ಲ್ಯಾಪ್‌ಟಾಪಿಗೆ ಆ ಕೋಡೆಕ್ ಬಾರದು. ನಾನು ಗಾಬರಿಯಾದೆನೆಂದುಕೊಂಡು ಅವನೇ ಸಮಾಧಾನ ಹೇಳಿದ: ಅಂಕಲ್ ಆಗಲೇ ಬಂದು, ವಿಡಿಯೋ ಓಡದಿದ್ದರೆ ಟೆನ್ಷನ್ ಬೇಡ, ಊಟ ಮಾಡಿ ಹೋಗು ಅಂದಿದ್ದಾರೆ. ನಾನು ಹಳೆಯ ಪ್ರತಿ ಕೊಟ್ಟೆ. ಅದು ಓಡಿತು. ಮೊದಲ ಸಾಲಿನಲ್ಲಿ ಅಣ್ಣ ಕುರ್ಚಿಯೊಳಗೆ ಸ್ವಲ್ಪ ಇಳಿದರು.

ಆ ಕಾಲದ ವಿಡಿಯೋದವರಿಗೆ ಜೂಮ್ ಎಂದರೆ ಪ್ರಾಣ. ಧಾರೆಯ ಹೊತ್ತಿಗೆ ಆ ಪುಣ್ಯಾತ್ಮ ಕ್ಯಾಮರಾವನ್ನು ಮದುಮಗನ ಮುಖಕ್ಕೇ ಒಯ್ದು ನಿಲ್ಲಿಸಿದ್ದ. ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಮೀಸೆ ಚಿಗುರುತ್ತಿದ್ದ ಅಣ್ಣ ಮದುಮಗಳನ್ನೇ ನೋಡುತ್ತಿದ್ದರು. ಎರಡೂ ಕಣ್ಣಿನಿಂದ ಧಾರಾಳವಾಗಿ ನೀರಿಳಿಯುತ್ತಿತ್ತು, ಮೂಗೂ ಸೇರಿಕೊಂಡಿತ್ತು. ಫ್ಲಾಶುಗಳ ನಡುವೆಯೇ ಅವರು ಶಲ್ಯದ ತುದಿಯಿಂದ ಮುಖ ಒರೆಸಿಕೊಂಡರು. ಮತ್ತೊಂದು ಫ್ಲಾಶ್ ಮಿಂಚಿತು. ಅದೆಲ್ಲ ಮುಗಿದ ಮೇಲೆ ಮೊದಲ ಅಕ್ಷತೆ ಬಿತ್ತು.

ಹಾಲಿನಲ್ಲಿ ಚಪ್ಪಾಳೆ, ಶಿಳ್ಳೆ. ಅದು ಹೋಮದ ಹೊಗೆ ಎಂದರು ಅಣ್ಣ. ನಮ್ಮ ಧಾರೆಯಲ್ಲಿ ಹೋಮ ಎಲ್ಲಿಯದು ಎಂದು ಹಿಂದಿನ ಸಾಲಿನ ಅಜ್ಜಿಯೊಬ್ಬರು ಕೇಳಿದರು. ಹಾಗಾದರೆ ಬೆಳಿಗ್ಗೆ ಅಡುಗೆಯವರ ಜೊತೆ ನೀರುಳ್ಳಿ ಹೆಚ್ಚಿದ್ದೆ ಎಂದರು. ಮಗಳು ನಗಲಿಲ್ಲ. ಅವಳು ಹುಟ್ಟಿದ ಮೇಲೆ ಮೊದಲ ಬಾರಿಗೆ ಅಪ್ಪನೊಡನೆ ಕನ್ನಡದಲ್ಲಿ ಮಾತಾಡಿದಳು ಎಂದು ಅಕ್ಕ ಆಮೇಲೆ ಹೇಳಿದರು. "ಪಪ್ಪಾ, ನೀವು ಅತ್ತಿದ್ದು," ಎಂದಳು.

ಅಕ್ಕ ಗಂಡನ ಕೈಯನ್ನು ತಮ್ಮ ಕೈಯೊಳಗೆ ಇಟ್ಟುಕೊಂಡು ಪರದೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅಕ್ಕ ತಲೆ ತಗ್ಗಿಸಿ ತಮ್ಮ ಕೈ ನೋಡಿಕೊಂಡರು, ಆಮೇಲೆ ಪಕ್ಕಕ್ಕೆ ತಿರುಗಿ ಗಂಡನ ಮುಖ ನೋಡಿದರು.

ಅಣ್ಣ ಶಲ್ಯದ ತುದಿಯಿಂದ ಗಡಿಬಿಡಿಯಲ್ಲಿ ಕಣ್ಣು ಒರೆಸಿಕೊಂಡು ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿದರು: "ಎಂತ ಜನ ಮಾರಾಯ್ರೆ, ಅಕ್ಷತೆಯನ್ನು ನೋಡಿ ಹಾಕ್ಲಿಕ್ಕಾಗುದಿಲ್ವಾ? ಕಣ್ಣಿಗೇ ಬಿತ್ತು."

ಅಕ್ಷತೆಯ ತಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು. ಅದರಿಂದ ಒಂದು ಕಾಳೂ ಹೊರಗೆ ಹೋಗಿರಲಿಲ್ಲ.