ದ್ರಾಕ್ಷಿ ಔಷಧಿಯ ಸ್ನಾನ ನಿಲ್ಲಿಸುವ ಬಗ್ಗೆ

ಇಂದ:
ರೇಖಾ, ತಂದೆ ತಿಪ್ಪೇರುದ್ರಪ್ಪ,
ಗಾರ್ಮೆಂಟ್ಸ್ ಟೈಲರ್ (ಸದ್ಯ ಮನೆಯಲ್ಲಿ ತಡೆಹಿಡಿಯಲಾಗಿದೆ),
ಗುಡಿಬಂಡೆ ಮಂಡಲ, ಮಡಕಶಿರಾ.

ಗೆ:
ಶ್ರೀಮತಿ ಗುರುಶಾಂತಮ್ಮನವರು,
ಅರ್ಜಿದಾರಳ ಸೋದರತ್ತೆ ಹಾಗೂ ಮನೆಯ ಸರ್ವಾಧಿಕಾರಿಗಳು,
ಅಡುಗೆಮನೆ.

ವಿಷಯ: ಅರ್ಜಿದಾರಳ ತಲೆಗೆ ದ್ರಾಕ್ಷಿ ಔಷಧಿ ಸುರಿಯುವುದನ್ನು ನಿಲ್ಲಿಸಿ, ಸೋಮವಾರದ ಕಂಪನಿ ಬಸ್ಸಿಗೆ ಬಿಡುಗಡೆ ಮಾಡುವ ಬಗ್ಗೆ.

ಉಲ್ಲೇಖ: 1. ಬಾಗಿಲ ಚೌಕಟ್ಟಿನ ಕುಂಕುಮದ ಗುರುತು. 2. ಬಚ್ಚಲ ಹಿಂದಿನ ಬೀನ್ಸ್ ಗಿಡಗಳು.

ಮಾನ್ಯರೇ,

1. ದೀಪಾವಳಿಯ ನಂತರ ರಾಯದುರ್ಗದ ಸಿದ್ದರಾಮೇಶ್ ಎಂಬವರು ತಮ್ಮ ತಾಯಿಯೊಂದಿಗೆ ಅರ್ಜಿದಾರಳನ್ನು ನೋಡಲು ಬಂದದ್ದು ಸರಿಯಷ್ಟೆ. ಸದರಿ ತಾಯಿಯವರು ಅರ್ಜಿದಾರಳನ್ನು ಬಾಗಿಲಿಗೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಚೌಕಟ್ಟಿಗೆ ಕುಂಕುಮ ಇಟ್ಟು, "ಹುಡುಗಿ ಚಂದ ಅದಾಳ್ರಿ. ಆದ್ರ ಇನ್ನೊಂದೆರಡಿಂಚು ಇರಬೇಕಿತ್ತು ನೋಡ್ರಿ" ಎಂದರು.

2. ತಾವು ಕೂಡಲೇ, "ಮಷಿನ್ ಮುಂದೆ ಬಗ್ಗಿ ಬಗ್ಗಿ ಕುಗ್ಗವ್ಳೆ ಕಣಮ್ಮ. ಬೆಳಿಯೋಗಂಟ ಬಸ್ಸು ಹತ್ತಂಗಿಲ್ಲ" ಎಂದು ಆದೇಶಿಸಿದಿರಿ. ಆ ಹೊತ್ತಿನಲ್ಲಿ ಅರ್ಜಿದಾರಳ ಕೈಯಲ್ಲಿ ಕಾಫಿ ತಟ್ಟೆ ಇದ್ದ ಕಾರಣ ಆಕ್ಷೇಪಣೆ ಸಲ್ಲಿಸಲಾಗಲಿಲ್ಲ.

3. ದ್ರಾಕ್ಷಿ ಗೊಂಚಲು ಉದ್ದವಾಗಲೆಂದು ಅಪ್ಪ ಅವನ್ನು ಹಾರ್ಮೋನ್ ನೀರಿನಲ್ಲಿ ಅದ್ದುತ್ತಾರೆ. ಮಿಕ್ಕ ನೀರನ್ನು ತಾವು ಕೊಡದಲ್ಲಿ ಹೊತ್ತು ತಂದು ಅರ್ಜಿದಾರಳ ನೆತ್ತಿಗೆ ಹೊಯ್ಯತೊಡಗಿದಿರಿ. "ಅಕ್ಕಾ, ಅದು ಬಳ್ಳಿಗೆ ಹಾಕೋದು" ಎಂದ ಅಪ್ಪನಿಗೆ, "ಇವ್ಳೇನು ಕಲ್ಲಾ? ಇವ್ಳೂ ಬೆಳಿಯೋ ಜೀವಾನೇ. ನೀನು ಸುಮ್ಕಿರು" ಎಂದಿರಿ. ಅರ್ಜಿದಾರಳ ನೆತ್ತಿ ಇನ್ನೂ ಆ ಕುಂಕುಮದ ಗುರುತನ್ನು ದಾಟಿಲ್ಲ. ಶುಕ್ರವಾರ ತಾವು ಆ ಗುರುತಿಗೆ ಹೂವನ್ನೂ ಮುಡಿಸಿದ್ದರಿಂದ, ಮೊಸರು ಕೊಳ್ಳಲು ಬಂದ ಓಬಳಮ್ಮ ಅಡ್ಡಬಿದ್ದು ಹೋಗಿರುತ್ತಾರೆ.

4. ಸಿದ್ದರಾಮೇಶ್ ಅವರು ಬೀಜದ ಕಂಪನಿಯೊಂದರ ಗಿಡ್ಡ ತಳಿಗಳ ಹೊಲದಲ್ಲಿ ಕೆಲಸಕ್ಕಿದ್ದು, ಅಂದು ಹೋಗುವಾಗ ಬೀನ್ಸ್ ಬೀಜದ ಎರಡು ಪೊಟ್ಟಣ ಕೊಟ್ಟಿದ್ದರು. ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ನೀಲಿ. ಎರಡೂ ಗಿಡ್ಡ. ಅರ್ಜಿದಾರಳು ಅವನ್ನು ಬಚ್ಚಲ ನೀರು ಹರಿಯುವಲ್ಲಿ ಊರಿದಳು. ತಮ್ಮ ಔಷಧಿಯೆಲ್ಲ ಅರ್ಜಿದಾರಳ ಮೈಯಿಂದಿಳಿದು ಅವಕ್ಕೇ ಸೇರಿತು. ಆದ ಕಾರಣ, ಕೆಂಪು ದಾರದವು ನೀಳವಾಗಿ ಸೂರಿನ ತನಕ ಎದ್ದು, ಮೊದಲ ಗಾಳಿಗೇ ಕಲಗಚ್ಚಿನ ಬಾನಿಗೆ ಬಿದ್ದವು. ನೀಲಿಯವು ಒಂದು ಗೇಣು ಮೀರಲಿಲ್ಲ, ಮೈತುಂಬ ಕಾಯಿ.

5. ಕಳೆದ ಭಾನುವಾರ ಸಿದ್ದರಾಮೇಶ್, ಚಾರ್ಜರ್ ಮರೆತಿದ್ದೇನೆ ಎಂಬ ನೆಪದಲ್ಲಿ ಒಬ್ಬರೇ ಬಂದು ಗಿಡ ನೋಡಿ ವಿವರಿಸಿದರು: "ಕೆಂಪು ದಾರದ್ದಕ್ಕ ಆ ಹಾರ್ಮೋನ್ ತಾನಽ ಮಾಡ್ಕೊಳ್ಳಾಕ ಬರಂಗಿಲ್ರಿ. ಹೊರಗಿಂದ ಕೊಟ್ರ ಏಳ್ತೈತಿ. ನೀಲಿದ್ರ ಮೈಯಾಗ ಬೇಕಾದಷ್ಟೈತಿ, ಆದ್ರ ಗಿಡ ಅದಕ್ಕ ಸೊಪ್ಪು ಹಾಕಂಗಿಲ್ಲ. ಕೊಡಗಟ್ಲೆ ಸುರೀರಿ, ಅದು ಅಷ್ಟಽ. ನಮಗ ಬೇಕಾಗಿರೋದೂ ಇಂಥದ್ದಽ. ಗಾಳಿಗೆ ಬೀಳಂಗಿಲ್ಲ." ಹೀಗೆ ಹೇಳುವಾಗ ಅವರು ಗಿಡದ ಕಡೆ ನೋಡುತ್ತಿರಲಿಲ್ಲ ಎಂಬುದನ್ನು ಅರ್ಜಿದಾರಳು ಗಮನಿಸಿರುತ್ತಾಳೆ.

6. ಕಂಪನಿಯಲ್ಲಿ ಸಣ್ಣ ಸೈಜಿನ ಪ್ಯಾಂಟನ್ನೂ ಹೊಲಿಯುತ್ತಾರೆ, ದೊಡ್ಡದನ್ನೂ ಹೊಲಿಯುತ್ತಾರೆ. ಸಣ್ಣದನ್ನು ನೀರಿನಲ್ಲಿ ನೆನೆಸಿ ಎಳೆದದ್ದನ್ನು ಅರ್ಜಿದಾರಳು ಕಂಡಿಲ್ಲ. ಸೋಮವಾರ ಬಾರದಿದ್ದರೆ ಅವಳ ಮಷಿನ್ನಿಗೆ ಬೇರೆಯವರನ್ನು ಕೂರಿಸುವುದಾಗಿ ಸೂಪರ್‌ವೈಸರ್ ಹೇಳಿ ಕಳಿಸಿದ್ದಾರೆ. ಅಲ್ಲಿ ಕುಳಿತರೆ ಅವಳಿಗೆ ಪೆಡಲ್ ಎಟುಕುತ್ತದೆ, ಯಾರೂ ಅಳೆಯುವುದಿಲ್ಲ.

ಆದ್ದರಿಂದ, ಅರ್ಜಿದಾರಳನ್ನು ನೀಲಿ ದಾರದ ಜಾತಿಯೆಂದು ಘೋಷಿಸಿ, ಕೊಡವನ್ನು ತೋಟಕ್ಕೆ ಹಿಂದಿರುಗಿಸಿ, ಸೋಮವಾರ ಬುತ್ತಿ ಕಟ್ಟಿಕೊಡಬೇಕಾಗಿ ಪ್ರಾರ್ಥನೆ.

ಇರುವಷ್ಟೇ ಎತ್ತರದ ತಮ್ಮ ವಿಶ್ವಾಸಿ,
ರೇಖಾ

ಲಗತ್ತುಗಳು:
ಕೆಂಪು ದಾರದ ಗಿಡ, ಒಂದು (ಮಡಚಲಾಗಿದೆ).
ನೀಲಿ ದಾರದ ಗಿಡದ ಕಾಯಿ, ಒಂದು ಹಿಡಿ (ಇವತ್ತಿನ ಪಲ್ಯಕ್ಕೆ).
ಬಾಗಿಲ ಚೌಕಟ್ಟು (ಮನೆಗೆ ಬೇಕಾಗಿರುವುದರಿಂದ ಕಿತ್ತಿಲ್ಲ, ಖುದ್ದು ಪರಿಶೀಲಿಸುವುದು).

ವಿ.ಸೂ.: ಗಂಡು ಹೆಣ್ಣಿನ ಎತ್ತರ ಹೊಂದಲೇಬೇಕೆಂದು ರಾಯದುರ್ಗದವರು ಪಟ್ಟು ಹಿಡಿದಲ್ಲಿ, ಬಳ್ಳಿ ಹೆಚ್ಚು ಬೆಳೆಯದಂತೆ ತಡೆಯುವ ಇನ್ನೊಂದು ಔಷಧಿಯೂ ಅಪ್ಪನ ಪಂಪ್‌ಶೆಡ್ಡಿನಲ್ಲಿದೆ. ಸಿದ್ದರಾಮೇಶ್ ಅವರು ಬರುವ ಭಾನುವಾರವೂ ಚಾರ್ಜರ್ ಮರೆತಿರುವುದಾಗಿ ತಿಳಿಸಿರುತ್ತಾರೆ. ಆ ದಿನ ಅವರಿಗೆ ಎಣ್ಣೆಸ್ನಾನದ ಏರ್ಪಾಡು ಮಾಡಿ, ಅದೇ ಕೊಡದಲ್ಲಿ ತಾವೇ ಸುರಿದು, ಎರಡಿಂಚು ಇಳಿಸಿಕೊಡಬೇಕಾಗಿ ವಿನಂತಿ.