ಕರೆಂಟು ಹೋದರೆ ಬಿಚ್ಚಿಕೊಳ್ಳುವ ಬೀಗ

ಬೀಗ ಹಾಕಿದವನಿಗೆ ನೆಮ್ಮದಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಸಂತನರಸಾಪುರದ ಪುಟ್ಟ ಫ್ಯಾಕ್ಟರಿಯೊಂದರಲ್ಲಿ ನನ್ನ ಕೆಲಸವೇ ಅದು. ತೋಟದ ಮೋಟಾರು ನಡೆಸುವ ಬೋರ್ಡು ನಮ್ಮದು. ಅದನ್ನು ಎಬ್ಬಿಸುವ ಪ್ರೋಗ್ರಾಂ ಮೆಮೊರಿಯ ಬೂಟ್ ಭಾಗದಲ್ಲಿರುತ್ತದೆ. ಅಲ್ಲಿ ಯಾರೂ ಏನೂ ಬರೆಯದಂತೆ ನಾನು ಲಾಕ್ ಮಾಡಬೇಕು. ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ.

೧. ಟೀ ಹೊತ್ತು

ಮೊದಲು ತಾತ್ಕಾಲಿಕ ಲಾಕ್ ಹಾಕುತ್ತಿದ್ದೆ. ಒಂದು ದಿನ, ಮನೆಯ ಬೀಗ ಜಗ್ಗಿ ನೋಡುವ ಹಾಗೆ ಮೂರು ಸಲ ಪರೀಕ್ಷಿಸಿ ಸೂಪರ್‌ವೈಸರನ್ನು ಕರೆದೆ. ಅವರಿಗೆ ಟೀಗೆ ಏಳುವಾಗ ಕಂಡ ಸ್ವಿಚ್ಚನ್ನೆಲ್ಲ ಆರಿಸುವ ಚಟ. ವಾಪಸ್ ಬಂದು ಆನ್ ಮಾಡಿದರೆ ಲಾಕ್ ಮಾಯ!

"ಆಫ್ ಮಾಡಿದ್ರೆ ಬಿಚ್ಕೊಳುತ್ತೆ ಸಾರ್, ಅದು ಇರೋದೇ ಹಂಗೆ" ಅಂದೆ.

ಬೋರ್ಡು ನೋಡಲು ಗುಬ್ಬಿಯಿಂದ ಬಂದಿದ್ದ ರೈತರೊಬ್ಬರು, "ನಮ್ಮ ಕಡೆ ದಿನಕ್ಕೆ ಹತ್ತು ಸಲ ಕರೆಂಟ್ ಹೋಯ್ತದೆ ಕಣಪ್ಪ. ಬಾಗ್ಲು ತೆಗೆದೇ ಮಡಗು ಬುಡು" ಅಂದರು.

೨. ರಾಹುಕಾಲ

ಯಜಮಾನರು ಶಾಶ್ವತ ಲಾಕ್ ಹಾಕಿಸಲು ಹೊರಟರು. ಒಮ್ಮೆ ಹಾಕಿದರೆ ಬ್ರಹ್ಮ ಬಂದರೂ ತೆಗೆಯಲಾಗದು.

"ವಾಪಸ್ ತಗೊಳಕ್ಕಾಗದ ಕೆಲ್ಸ ರಾಹುಕಾಲದಲ್ಲಿ ಬ್ಯಾಡ. ಇವತ್ತು ಶುಕ್ರವಾರ, ಹನ್ನೆರಡು ಆಗ್ಲಿ" ಅಂದರು ಸೂಪರ್‌ವೈಸರ್. ಕುಣಿಗಲ್ ಕಡೆಯ ತೋಟವೊಂದಕ್ಕೆ ಆರು ಬೋರ್ಡು ಒಯ್ಯಬೇಕಾದ ಟೆಂಪೊ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಕೂರಲಾರೆ, ನಿಲ್ಲಲಾರೆ. ಸೂಪರ್‌ವೈಸರ್ ವಾಚಿನಲ್ಲಿ ಹನ್ನೆರಡಾದದ್ದೇ ತಡ, ಆರಕ್ಕೂ ಲಾಕ್ ಹಾಕಿ ಕಳಿಸಿಬಿಟ್ಟೆ.

ಟೆಂಪೊ ಮರೆಯಾದ ಮೇಲೆ ಅವರು, "ಅಯ್ಯೋ, ನನ್ ವಾಚು ಹತ್ ನಿಮಿಷ ಮುಂದೈತೆ ಕಣೋ" ಅಂದರು.

೩. ಶಾಶ್ವತ

ಊಟದ ಡಬ್ಬಿ ತೆರೆದಾಗ ನೆನಪಾಯಿತು. ಕರೆಂಟು ಬಂದಾಗ ಬೋರ್ಡಿನ ಸ್ಪೀಕರು "ಮೋಟಾರು ಸಿದ್ಧ" ಅನ್ನಬೇಕು. ನಾನು ಲಾಕ್ ಮಾಡಿದ್ದು ಪರೀಕ್ಷೆಗೆಂದು ಬರೆದ ಪ್ರೋಗ್ರಾಂ! ಅದರಲ್ಲಿ ತಮಾಷೆಗೆ ನನ್ನದೇ ದನಿ ತುಂಬಿದ್ದೆ: "ಯಜಮಾನ್ರು ಬಂದ್ರು, ಫೋನ್ ಒಳಗಿಡ್ರಪ್ಪೋ!"

ಡಬ್ಬಿ ಹಾಗೇ ಮುಚ್ಚಿಟ್ಟೆ. ಕೆಲಸ ಹೋಯಿತು ಅಂದುಕೊಂಡೆ. ನಾಲ್ಕು ದಿನ ಆಫೀಸಿನ ಫೋನು ಬಡಿದುಕೊಂಡಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಐದನೇ ದಿನ ಯಜಮಾನರು ಒಳಗೆ ಕರೆದರು. ಫೋನಿನ ಸ್ಪೀಕರಿನಲ್ಲಿ ಆ ಕುಣಿಗಲ್ ತೋಟದವರು ಕೂಗುತ್ತಿದ್ದರು:

"ಎಂಥಾ ಬೋರ್ಡ್ ಸ್ವಾಮಿ! ಕರೆಂಟ್ ಬಂದೇಟ್ಗೆ ಅರಚ್ಕೊಳ್ತದೆ, ಆಳುಗಳೆಲ್ಲ ಫೋನ್ ಜೇಬಿಗಾಕಿ ಕೆಲ್ಸಕ್ಕೆ ಬಗ್ತಾವ್ರೆ. ಇನ್ನೂ ನಾಲ್ಕು ಕಳ್ಸಿ!"

ಯಜಮಾನರು ಫೋನಿಟ್ಟು ನನ್ನನ್ನೇ ದಿಟ್ಟಿಸಿದರು. "ದನಿ ಯಾರ್ದಯ್ಯ?"

"ನಂದೇ ಸಾರ್."

"ಹಂಗಾದ್ರೆ ನಮ್ಮ ಫ್ಯಾಕ್ಟರಿಗೂ ಒಂದು ಹಾಕು. ಶಾಶ್ವತ ಲಾಕ್."

ಹಾಕಿದೆ. ಈಗ ಕರೆಂಟು ಬಂದಾಗಲೆಲ್ಲ ಆ ದನಿಗೆ ಬೆಚ್ಚಿ ಮೊದಲು ಫೋನ್ ಒಳಗಿಡುವವನು ನಾನೇ.