ಮರ್ಯಾದೆಯ ‘ಟು’

ಫೋನಿನಲ್ಲಿ ಮೆಲ್ಲಕ್ಕ ಆಡಿದ್ದು “ಹೂಂ” ಎಂಬ ಒಂದೇ ಮಾತು. ಫಜೀತಿ ಶುರುವಾದದ್ದು ಅಲ್ಲಿಂದಲೇ.

ಅವಳ ಮಾತು ಎಷ್ಟು ಮೆಲ್ಲಗೆಂದರೆ ನಿಜವಾದ ಹೆಸರು ಬೀದಿಗೇ ಮರೆತುಹೋಗಿತ್ತು. ಹೊಲಿಗೆ ಯಂತ್ರದ ಮುಂದೆ ಕೂತರೆ ಮಾತ್ರ ಕೈಕಾಲು ಎರಡೂ ಪಟಪಟ ಮಾತಾಡುತ್ತಿದ್ದವು. ದೊಡ್ಡ ಬೀದಿಯ ಹೊಲಿಗೆ ಅಂಗಡಿಯಲ್ಲಿ ಒಂದು ಯಂತ್ರ ಖಾಲಿಯಿದೆಯೆಂದು ತಿಳಿದು ಕೆಲಸ ಕೇಳಿದ್ದಳು. ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಒಡತಿ ಫೋನು ಮಾಡಿದಳು.

“ಇವತ್ತು ಕ್ವಾರ್ಟರ್ ಟು ಟೆನ್‌ಗೆ ಬಾಮ್ಮ. ಹೊತ್ತಿಗೆ ಸರಿಯಾಗಿ ಬರದವರಿಗೆ ಕೆಲಸ ಇಲ್ಲ. ಗೊತ್ತಾಯ್ತಾ?”

“ಹೂಂ.”

ಗೊತ್ತಾಗಿರಲಿಲ್ಲ. ಅವಳು ಶಾಲೆ ಬಿಟ್ಟಾಗ ಪಾಠ ‘ಟೆನ್ ಓ ಕ್ಲಾಕ್’ವರೆಗಷ್ಟೇ ಬಂದಿತ್ತು. ತಿರುಗಿ ಕೇಳೋಣವೆಂದರೆ ನಾಲಗೆ ಅಂಟು ಹಾಕಿದ ಲಕೋಟೆಯಂತಾಗಿತ್ತು.

ಎದುರುಮನೆಯ ಕಂಡಕ್ಟರ್ ಮಾವನನ್ನು ಕೇಳಿದಳು. ನಿವೃತ್ತನಾಗಿದ್ದರೂ ಅವನು ಊರಿಗೆಲ್ಲ ರೈಟ್ ಹೇಳುವುದನ್ನು ಬಿಟ್ಟಿರಲಿಲ್ಲ. “ಕ್ವಾರ್ಟರ್ ಅಂದ್ರೆ ಕಾಲು, ಟೆನ್ ಅಂದ್ರೆ ಹತ್ತು. ಹತ್ತೂಕಾಲು! ಇದಕ್ಕೂ ಪಂಚಾಯ್ತಿಯಾ?”

“ನಡುವೆ ‘ಟು’ ಇದೆಯಲ್ಲ ಮಾವ?”

“ಅದು ಸುಮ್ನೆ ಮರ್ಯಾದೆಗೆ.”

ಮಹಡಿಯಿಂದ ಚಿಕ್ಕಮ್ಮ ಬಗ್ಗಿದಳು. “ಟು ಅಂದ್ರೆ ಎರಡು ಕಣ್ರೀ! ಎರಡರಿಂದ ಹತ್ತರ ತನಕ ಡ್ಯೂಟಿ.”

“ಹಾಗಾದ್ರೆ ಕ್ವಾರ್ಟರ್?”

“ಇರೋಕೆ ಮನೆ ಕೊಡ್ತಾರೆ! ಅದೃಷ್ಟ ಕಣೇ ನಿಂದು!”

ಮನೆ ಸಿಗುವಷ್ಟು ಅದೃಷ್ಟವನ್ನು ಮೆಲ್ಲಕ್ಕ ನಂಬಲಿಲ್ಲ. ಹತ್ತೂಕಾಲಿಗೆ ಸರಿಯಾಗಿ ಅಂಗಡಿಯ ಮೆಟ್ಟಿಲು ಹತ್ತಿದಳು.

ಒಳಗೆ ಇಸ್ತ್ರಿಯವನೊಬ್ಬನೇ ಇದ್ದ. “ಈಗ ಬಂದ್ಯಾ ತಂಗಿ? ಕ್ವಾರ್ಟರ್ ಟು ಟೆನ್ ಅಂದ್ರೆ ಹತ್ತಾಗೋಕೆ ಇನ್ನೂ ಕಾಲು ಗಂಟೆ ಬೇಕು ಅಂತ. ಒಂಬತ್ತೂಮುಕ್ಕಾಲು! ನಾಲ್ಕು ಜನ ಆಗ್ಲೇ ಬಂದು, ಕಾದು, ಬೈಕೊಂಡು ಹೋದ್ರು.”

ಮೆಲ್ಲಕ್ಕನ ಕಣ್ಣು ತುಂಬಿತು. ಗೋಡೆಯ ಪಕ್ಕದ ಖಾಲಿ ಯಂತ್ರವನ್ನು ಒಮ್ಮೆ ಸವರಿ ಹೊರಡಲು ತಿರುಗಿದಳು. ಎದುರಿಗೆ ಏದುಸಿರು ಬಿಡುತ್ತ ಒಡತಿ!

“ಭೇಷ್! ಐದು ಜನಕ್ಕೆ ಹೇಳಿದ್ದೆ, ಹೊತ್ತಿಗೆ ಸರಿಯಾಗಿ ಬಂದಿರೋಳು ನೀನೊಬ್ಬಳೇ. ಕ್ವಾರ್ಟರ್ ಅಂದ್ರೆ ಕಾಲು, ಟೆನ್ ಅಂದ್ರೆ ಹತ್ತು. ಇಷ್ಟೂ ತಿಳಿಯಲ್ವಾ ಜನಕ್ಕೆ?”

ಇಸ್ತ್ರಿಯವನು ಕೆಮ್ಮಿ, ಒಂದು ಕಾಲರಿನ ಮೇಲೆ ಬಹಳ ಹೊತ್ತು ಬಗ್ಗಿದ.

“ಕೆಲಸ ನಿಂದೇ,” ಎಂದಳು ಒಡತಿ. ಮೆಲ್ಲಕ್ಕ ಸಂತೋಷದಿಂದ ಯಂತ್ರದ ಮುಂದೆ ಕೂರಹೋದಳು.

“ಅಲ್ಲಲ್ಲ! ಇಷ್ಟು ಚೆನ್ನಾಗಿ ಇಂಗ್ಲಿಷ್ ಟೈಮ್ ಬರೋಳನ್ನ ಯಂತ್ರಕ್ಕೆ ಕಟ್ಟಿಹಾಕ್ಲಾ? ಗಿರಾಕಿಗಳಿಗೆ ಫೋನಲ್ಲಿ ಟೈಮ್ ಹೇಳೋದು ಇನ್ಮೇಲೆ ನೀನೇ. ಹೊಲಿಗೆ ಆಮೇಲೆ ನೋಡೋಣ.”

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಮೆಲ್ಲಕ್ಕ ಎತ್ತಿದಳು. ಗಿರಾಕಿಯೊಬ್ಬಳು ರವಿಕೆಗೆ ಯಾವಾಗ ಬರಲೆಂದು ಕೇಳುತ್ತಿದ್ದಳು.

“ಕ್ವಾರ್ಟರ್ ಟು ಫೈವ್ ಅನ್ನು!” ಎಂದು ಒಡತಿ ಒಳಗೆ ಹೋಗುತ್ತ ಕೂಗಿದಳು.

ಗಿರಾಕಿಗೆ ಅದು ನಾಲ್ಕೂಮುಕ್ಕಾಲು, ಒಡತಿಗೆ ಐದೂಕಾಲು. ಮೆಲ್ಲಕ್ಕ ಫೋನನ್ನು ಬಾಯಿಯ ಹತ್ತಿರ ತಂದಳು. ಆಮೇಲೆ, ಇಸ್ತ್ರಿಯವನೂ ತಲೆಯೆತ್ತಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು:

“ಐದಕ್ಕೆ ಬನ್ನಿ ಅಕ್ಕಾ. ಕಾಲು ಗಂಟೆ ಆಚೀಚೆ ಆದೀತು.”